ಗುಲಗಂಜಿಯ ತೂಕ

ಆಯುಧವೆಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ಹೊಳೆಯುವುದು ಅದರ ಬಲ. ಆಯುಧವನ್ನು ದಿನವೂ ಕೈಯಲ್ಲಿ ಹಿಡಿದು ಪಳಗಿದವನಿಗೆ ಮೊದಲು ಹೊಳೆಯುವುದು ಅದರ ಅಳತೆ. ಹಿಂದಿನ ಕಾಲದ ಅಕ್ಕಸಾಲಿಗನು ಗುಲಗಂಜಿಯನ್ನಿಟ್ಟು ಚಿನ್ನವನ್ನು ತೂಗುತ್ತಿದ್ದನಷ್ಟೆ. ೧೮೩೩ರಲ್ಲಿ ಕಂಪನಿ ಸರ್ಕಾರವು ಒಂದು ತೊಲವನ್ನು ೧೮೦ ಗ್ರೈನುಗಳೆಂದು ಗೊತ್ತುಮಾಡಿತು. ಆ ತೊಲಕ್ಕೆ ೯೬ ಗುಲಗಂಜಿಯೆಂಬ ಲೆಕ್ಕವನ್ನು ಹಿಡಿದರೆ, ಒಂದು ಗುಲಗಂಜಿಯು ಎರಡು ಗ್ರೈನುಗಳಿಗೆ ತುಸು ಕಡಮೆಯಾಗುತ್ತದೆ. ಇಂದು ಅಮೆರಿಕದ ಒಬ್ಬ ಗೃಹಸ್ಥನು ತನ್ನ ಮನೆಯ ಮೂಲೆಯ ಕೊಠಡಿಯಲ್ಲಿ ಕುಳಿತು ಪಿಸ್ತೂಲಿನ ತೋಟಾಗಳನ್ನು ತಾನೇ ತುಂಬಿಕೊಳ್ಳುವಾಗ, ಒಂದೊಂದು ತೋಟಾಕ್ಕೆ ಅವನು ಹಾಕುವ ಮದ್ದು ಸಾಧಾರಣವಾಗಿ ಎರಡು ಮೂರು ಗುಲಗಂಜಿಯ ತೂಕದ್ದು. ಅದು ತಪ್ಪಿ ಇಮ್ಮಡಿಯಾದರೆ ಕೈಗೂ ಕಣ್ಣಿಗೂ ಅಪಾಯ. ತೀರ ಕಡಮೆಯಾದರೂ ಅಪಾಯವೇ. ಇಷ್ಟು ಸೂಕ್ಷ್ಮವಾದ ತೂಕವು ಇಷ್ಟು ಘೋರವಾದ ವಸ್ತುವನ್ನು ಆಳುವುದೆಂಬುದೇ ವಿಚಾರಯೋಗ್ಯವಾದ ಸಂಗತಿ.

ಆ ಗೃಹಸ್ಥನು ಸಿಪಾಯಿಯಲ್ಲ. ಬೇಟೆಗಾರನೇ ಆಗಿರಬೇಕೆಂಬ ನಿಯಮವೂ ಇಲ್ಲ. ಅವನು ಒಂದು ಪಂದ್ಯದ ಅಭ್ಯಾಸಿ. ಇಂಗ್ಲಿಷಿನಲ್ಲಿ ಆ ಪಂದ್ಯಕ್ಕೆ ‘ಪ್ರಾಕ್ಟಿಕಲ್ ಷೂಟಿಂಗ್’ ಎಂದು ಹೆಸರು. ವ್ಯವಹಾರಕ್ಕೆ ಒದಗುವ ಗುರಿಗಾರಿಕೆಯೆಂದು ಅದರ ತಾತ್ಪರ್ಯ. ಒಲಿಂಪಿಕ್ ಪಂದ್ಯದ ಪಿಸ್ತೂಲುಗಾರನು ಒಂದೆಡೆ ಸ್ಥಿರವಾಗಿ ನಿಂತು, ಗೊತ್ತಾದ ದೂರದ ಗುರಿಗೆ ಹೊಡೆಯುತ್ತಾನೆ. ಇಲ್ಲಿ ಹಾಗಲ್ಲ. ಸೊಂಟದ ಒರೆಯಿಂದ ಪಿಸ್ತೂಲನ್ನು ಸೆಳೆದು, ನಡೆದು, ಓಡಿ, ಗೋಡೆಯ ಮರೆಯಿಂದ ಬಾಗಿ, ಕಿಂಡಿಯಲ್ಲಿ ಇಣಿಕಿ, ಹತ್ತಿರವೂ ದೂರವೂ ಇರುವ ಹಲವು ಗುರಿಗಳಿಗೆ ಹೊಡೆಯಬೇಕು. ನಡುವೆ ಬರಿದಾದ ಮ್ಯಾಗಜೀನನ್ನು ಕಳಚಿ ಬೇರೊಂದನ್ನು ತೊಡಿಸಬೇಕು. ಕೆಲವೊಮ್ಮೆ ಎಡಗೈಯೊಂದರಿಂದಲೇ ಹೊಡೆಯೆಂದು ವಿಧಿಸುವುದೂ ಉಂಟು. ಇಷ್ಟನ್ನೂ ಒಂದು ಯಂತ್ರವು ಸೆಕೆಂಡಿನ ನೂರನೆಯ ಪಾಲಿನವರೆಗೆ ಎಣಿಸುತ್ತಿರುತ್ತದೆ.

ಈ ಪಂದ್ಯದ ಹುಟ್ಟು ಕ್ಯಾಲಿಫೋರ್ನಿಯದಲ್ಲಿ. ಅಮೆರಿಕದ ಮರೀನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಜೆಫ್ ಕೂಪರ್ ಎಂಬಾತನು ೧೯೫೦ರ ದಶಕದ ಉತ್ತರಾರ್ಧದಲ್ಲಿ ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ ಪಿಸ್ತೂಲಿನ ಸ್ಪರ್ಧೆಗಳನ್ನು ಏರ್ಪಡಿಸಿದನು. ಆಗಿನವರೆಲ್ಲರೂ ವೇಗವೇ ಜಯವೆಂದು ನಂಬಿದ್ದರು. ಒರೆಯಿಂದ ಸೆಳೆದೊಡನೆ ಸೊಂಟದ ಎತ್ತರದಿಂದಲೇ, ಒಂಟಿ ಕೈಯಿಂದ, ಕಣ್ಣಿಟ್ಟು ನೋಡದೆ ಹೊಡೆಯುತ್ತಿದ್ದರು. ಅವರ ನಡುವೆ ಜಾಕ್ ವೀವರ್ ಎಂಬ ಪೊಲೀಸು ಅಧಿಕಾರಿಯೊಬ್ಬನು ಬೇರೊಂದು ಕ್ರಮವನ್ನು ಹಿಡಿದನು. ಅವನು ರಿವಾಲ್ವರನ್ನು ಎರಡು ಕೈಗಳಿಂದಲೂ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಗುರಿನೋಟದ ಮೊನೆಯನ್ನು ಕಂಡು ಹೊಡೆದನು. ಎತ್ತಿ ನೋಡುವುದಕ್ಕೆ ಅರೆಕ್ಷಣ ಹೆಚ್ಚು ಹಿಡಿಯಿತು. ಆದರೆ ಅವಸರದವರ ಗುಂಡುಗಳು ಸುತ್ತಮುತ್ತಲಿನ ಮಣ್ಣನ್ನು ಹಾರಿಸುತ್ತಿದ್ದಾಗ ಇವನ ಗುಂಡು ಗುರಿಯಲ್ಲಿ ನಾಟುತ್ತಿತ್ತು. ೧೯೫೯ರಲ್ಲಿ ಗೆದ್ದವನು ಅವನೇ. ನೋಡುವುದಕ್ಕೆ ಸಲ್ಲುವ ಅರೆಕ್ಷಣವು ವ್ಯರ್ಥವಲ್ಲವೆಂಬುದು ಈ ವಿದ್ಯೆಯ ಮೊದಲನೆಯ ಪಾಠವಾಯಿತು.

ಮುಂದೆ ೧೯೭೫ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೊದಲನೆಯ ಜಾಗತಿಕ ಸ್ಪರ್ಧೆ ನಡೆದು, ಅಮೆರಿಕದ ರೇ ಚಾಪ್ಮನ್ ಜಯಶಾಲಿಯಾದನು. ೧೯೭೬ರಲ್ಲಿ ಮಿಸೌರಿ ಪ್ರಾಂತದ ಕೊಲಂಬಿಯದಲ್ಲಿ ನೆರೆದ ಸಭೆಯು ಅಂತರರಾಷ್ಟ್ರೀಯ ಸಂಸ್ಥೆಯೊಂದನ್ನು ಕಟ್ಟಿ, ಕೂಪರನನ್ನು ಅದರ ಪ್ರಥಮಾಧ್ಯಕ್ಷನನ್ನಾಗಿ ಆರಿಸಿತು. ಆ ಸಂಸ್ಥೆಯ ಧ್ಯೇಯವಾಕ್ಯವು ಲ್ಯಾಟಿನ್ ಭಾಷೆಯ ಮೂರು ಶಬ್ದಗಳು: ಡಿಲಿಜೆಂಶಿಯಾ, ವಿಸ್, ಕೆಲೆರಿಟಾಸ್. ಕಡೆಯ ಎರಡಕ್ಕೆ ಬಲವೆಂದೂ ವೇಗವೆಂದೂ ನೇರವಾದ ಅರ್ಥ. ಮೊದಲನೆಯದನ್ನು ಪಂದ್ಯದವರು ‘ಗುರಿಯ ನಿಖರತೆ’ ಎಂದು ವ್ಯವಹರಿಸುತ್ತಾರೆ. ಆದರೆ ಶಬ್ದಾರ್ಥವನ್ನು ವಿಚಾರಿಸಿದರೆ ಅದು ನಿಖರತೆಯಲ್ಲ. ಎಚ್ಚರದಿಂದ ಕೂಡಿದ ಶ್ರದ್ಧೆ. ಕನ್ನಡದಲ್ಲಿ ಅದನ್ನು ‘ಅವಧಾನ’ವೆಂದರೆ ಒಪ್ಪುತ್ತದೆ. ಗುಂಡು ಗುರಿಯನ್ನು ಮುಟ್ಟುವುದು ಫಲ. ಅವಧಾನವು ಅದರ ಬೀಜ. ಬೀಜದ ಹೆಸರನ್ನೇ ಫಲಕ್ಕೆ ಇಟ್ಟವರು ತಿಳಿದೇ ಇಟ್ಟರೋ ತಿಳಿಯದೆಯೋ, ಆ ಶಬ್ದವಂತೂ ಸರಿಯಾದ ಸ್ಥಾನದಲ್ಲಿ, ಎಂದರೆ ಎಲ್ಲಕ್ಕೂ ಮೊದಲು, ನಿಂತಿದೆ.

ಹೊಸದಾಗಿ ಈ ಅಭ್ಯಾಸಕ್ಕೆ ಬರುವವನು ಕೇಳುವ ಮೊದಲನೆಯ ಪ್ರಶ್ನೆಯು ‘ಯಾವ ಪಿಸ್ತೂಲು ಉತ್ತಮ?’ ಎಂಬುದು. ಯಾವ ಪಾದರಕ್ಷೆ ಉತ್ತಮವೆಂದು ಕೇಳಿದಂತೆಯೇ ಇದು. ಪಾದವನ್ನು ನೋಡದೆ ಹೇಳಲಾಗದು. ಪ್ರಸಿದ್ಧವಾದವುಗಳಲ್ಲಿ ಮೂರನ್ನು ಮೂರು ಸಂಪ್ರದಾಯಗಳಿಗೆ ಉದಾಹರಣೆಯಾಗಿ ಹೇಳಬಹುದು. ಜಾನ್ ಮೋಸೆಸ್ ಬ್ರೌನಿಂಗನು ರಚಿಸಿ ೧೯೧೧ರಲ್ಲಿ ಅಮೆರಿಕದ ಸೈನ್ಯವು ಸ್ವೀಕರಿಸಿದ ಪಿಸ್ತೂಲು ಒಂದು. ಅದು ಉಕ್ಕಿನದು, ಸುಮಾರು ೧,೧೦೦ ಗ್ರಾಂ ತೂಕದ್ದು, ದಪ್ಪನೆಯ.೪೫ ಗುಂಡಿನ ಏಳು ತೋಟಾಗಳನ್ನು ಮ್ಯಾಗಜೀನಿನಲ್ಲಿ ಹಿಡಿಯುತ್ತದೆ. ಅದರ ಕುದುರೆಯು ಬೆರಳಿನ ಅಲ್ಪ ಒತ್ತಡಕ್ಕೆ, ಅಲ್ಪ ಚಲನೆಯಲ್ಲಿಯೇ ಬಿಡುವುದರಿಂದ ಗುರಿ ಕದಲುವುದು ಕಡಮೆ. ಎರಡನೆಯದು ೧೯೭೫ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಸಿಜ಼ೆಡ್ ೭೫. ಇದೂ ಉಕ್ಕಿನದೇ, ಸುಮಾರು ೧,೦೦೦ ಗ್ರಾಂ. ೯ ಮಿಲಿಮೀಟರಿನ ಗುಂಡಿನದು. ಹಿಡಿಯ ಡೊಂಕು ಅನೇಕರ ಅಂಗೈಗೆ ಹೇಳಿ ಮಾಡಿಸಿದಂತಿರುತ್ತದೆ. ಮೂರನೆಯದು ೧೯೮೨ರಲ್ಲಿ ಆಸ್ಟ್ರಿಯದ ಗಾಸ್ಟನ್ ಗ್ಲಾಕನು ರಚಿಸಿದ ಗ್ಲಾಕ್ ೧೭. ಇದರ ಮೈ ಪ್ಲಾಸ್ಟಿಕ್ಕಿನದು. ಬರಿಯ ತೂಕ ಸುಮಾರು ೬೨೫ ಗ್ರಾಂ. ಹದಿನೇಳು ತೋಟಾಗಳನ್ನು ಹಿಡಿಯುತ್ತದೆ. ಹಗುರವಾದ ಆಯುಧವು ಹೊರುವುದಕ್ಕೆ ಸುಖ. ಭಾರವಾದುದು ಹೊಡೆಯುವುದಕ್ಕೆ ಸುಖ, ಏಕೆಂದರೆ ಗುಂಡಿನ ಹಿನ್ನೊದೆತವನ್ನು ಅದರ ತೂಕವೇ ಅರ್ಧ ನುಂಗಿಬಿಡುತ್ತದೆ.

ಬಲ್ಲವರು ಹೊಸಬನಿಗೆ ಹೇಳುವ ಪರೀಕ್ಷೆ ಸರಳವಾಗಿದೆ. ಪಿಸ್ತೂಲು ಬರಿದಾಗಿದೆಯೆಂದು ಎರಡು ಸಲ ನೋಡಿಕೊಂಡು, ಅಪಾಯವಿಲ್ಲದ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಅದನ್ನು ಎತ್ತಬೇಕು. ಕಣ್ಣು ತೆರೆದಾಗ ಮುಂದಿನ ಮೊನೆಯು ಹಿಂದಿನ ಕಂಡಿಯ ನಡುವೆ ತಾನಾಗಿ ಬಂದು ಕುಳಿತಿದ್ದರೆ ಆ ಹಿಡಿಯು ಅವನ ಕೈಗೆ ಸಲ್ಲುತ್ತದೆ. ಹಿಡಿತವನ್ನು ಬದಲಾಯಿಸದೆ ತೋರುಬೆರಳಿನ ಕೊನೆಯ ಗೆಣ್ಣು ಕುದುರೆಯ ಮೇಲೆ ನೇರವಾಗಿ ಕೂರಬೇಕು; ಹೆಬ್ಬೆರಳಿಗೆ ಮ್ಯಾಗಜೀನಿನ ಗುಂಡಿ ಎಟುಕಬೇಕು. ಇವು ಕೂಡಿಬಂದ ಮೇಲೆ ನೋಡತಕ್ಕದ್ದು ಒಂದೇ: ಸಾವಿರ ಸಲ ಹೊಡೆದರೂ ನಡುವೆ ಸಿಕ್ಕಿಕೊಳ್ಳದಿರುವ ಗುಣ. ನಂಬಿಕೆಗೆ ತಕ್ಕ ಸಾಧಾರಣವಾದ ಪಿಸ್ತೂಲನ್ನು ಕೊಂಡು, ಉಳಿದ ಹಣವನ್ನು ತೋಟಾಗಳಿಗೆ ವೆಚ್ಚ ಮಾಡಿ ಅಭ್ಯಾಸ ಮಾಡುವವನು, ಬೆಲೆಬಾಳುವ ಆಯುಧವನ್ನು ಕೊಂಡು ಪೆಟ್ಟಿಗೆಯಲ್ಲಿಟ್ಟವನಿಗಿಂತ ಬೇಗ ಮುಂದೆ ಬರುತ್ತಾನೆ. ವೀಣೆಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳುವರಷ್ಟೆ.

ಇನ್ನು ಬಲದ ವಿಚಾರ. ಬಲವಿಲ್ಲದ ಗುಂಡಿನಿಂದ ಸುಲಭವಾಗಿ ಗೆಲ್ಲಬಾರದೆಂದು ಈ ಪಂದ್ಯದವರು ಒಂದು ಅಂಕವನ್ನು ಕಲ್ಪಿಸಿದ್ದಾರೆ; ಅದನ್ನು ಬಲಾಂಕವೆನ್ನಬಹುದು. ಗುಂಡಿನ ತೂಕವನ್ನು ಗ್ರೈನುಗಳಲ್ಲಿಯೂ, ಅದರ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿಯೆಂದೂ ತೆಗೆದುಕೊಂಡು, ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠವಾದ ‘ಮೈನರ್’ ವರ್ಗಕ್ಕೆ ೧೨೫ ಬೇಕು. ‘ಸ್ಟ್ಯಾಂಡರ್ಡ್’ ವಿಭಾಗದಲ್ಲಿ ಮೇಲಿನ ‘ಮೇಜರ್’ ವರ್ಗಕ್ಕೆ ೧೭೦ ಬೇಕು. ಹಳೆಯ .೪೫ರ ೨೩೦ ಗ್ರೈನಿನ ಗುಂಡು ೮೩೦ ಅಡಿಯ ವೇಗದಲ್ಲಿ ಹೊರಟರೆ ಬಲಾಂಕವು ೧೯೦ನ್ನು ದಾಟುತ್ತದೆ. ೯ ಮಿಲಿಮೀಟರಿನಲ್ಲಿ ೧೧೫ ಗ್ರೈನಿನ ಗುಂಡನ್ನು ೧,೧೦೦ ಅಡಿಯ ವೇಗದಲ್ಲಾಗಲಿ, ೧೨೪ ಗ್ರೈನಿನದನ್ನು ೧,೦೨೦ ಅಡಿಯ ವೇಗದಲ್ಲಾಗಲಿ, ೧೪೭ ಗ್ರೈನಿನದನ್ನು ೮೬೦ ಅಡಿಯ ವೇಗದಲ್ಲಾಗಲಿ ಕಳುಹಿಸಿದರೆ ಮೂರೂ ೧೨೬ರ ಆಸುಪಾಸಿಗೆ ಬರುತ್ತವೆ. ಲೆಕ್ಕಕ್ಕೆ ಮೂರೂ ಒಂದೇ. ಕೈಗೆ ಮೂರೂ ಬೇರೆ. ಹಗುರವಾದ ಗುಂಡು ಚುರುಕಾಗಿ ತಟ್ಟಿದಂತೆಯೂ, ಭಾರವಾದುದು ಮೆಲ್ಲಗೆ ನೂಕಿದಂತೆಯೂ ಅನೇಕರಿಗೆ ತೋರುತ್ತದೆ. ಇವುಗಳಲ್ಲಿ ತನ್ನ ಕೈಗೆ ಒಗ್ಗುವುದನ್ನು ಕಂಡುಕೊಳ್ಳುವುದಕ್ಕಾಗಿಯೇ ಅಭ್ಯಾಸಿಯು ಅಂಗಡಿಯ ತೋಟಾವನ್ನು ಬಿಟ್ಟು ತಾನೇ ತುಂಬಿಕೊಳ್ಳುವುದು. ವೆಚ್ಚ ಕಡಮೆಯಾಗುವುದು ಇನ್ನೊಂದು ಕಾರಣ.

ಬಲ ಹೆಚ್ಚಾದರೆ ಲಾಭವೇನೆಂದು ವಾಚಕರು ಕೇಳಬಹುದು. ಗುರಿಯ ನಡುಭಾಗಕ್ಕೆ ತಗುಲಿದ ಗುಂಡಿಗೆ ಎರಡು ವರ್ಗದವರಿಗೂ ಐದು ಅಂಕ. ಅದರ ಸುತ್ತಣ ಭಾಗಕ್ಕೆ ಮೇಜರಿನವನಿಗೆ ನಾಲ್ಕು, ಮೈನರಿನವನಿಗೆ ಮೂರು. ಅಂಚಿನ ಭಾಗಕ್ಕೆ ಕ್ರಮವಾಗಿ ಎರಡು, ಒಂದು. ಬಂದ ಅಂಕಗಳನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸಿ ತಾರತಮ್ಯವನ್ನು ನಿರ್ಣಯಿಸುತ್ತಾರೆ. ಹತ್ತು ಗುಂಡುಗಳಲ್ಲಿ ಎಂಟು ನಡುಭಾಗಕ್ಕೂ ಎರಡು ಅದರ ಸುತ್ತಣ ಭಾಗಕ್ಕೂ ತಗುಲಿದರೆ ಮೇಜರಿನವನಿಗೆ ೪೮, ಮೈನರಿನವನಿಗೆ ೪೬. ಮೇಜರಿನವನು ಎಂಟು ಸೆಕೆಂಡುಗಳಲ್ಲಿ ಮುಗಿಸಿದರೆ ಅವನ ಫಲ ೬. ಹಿನ್ನೊದೆತ ಕಡಮೆಯಾದುದರಿಂದ ಮೈನರಿನವನು ೭.೬ ಸೆಕೆಂಡುಗಳಲ್ಲಿ ಮುಗಿಸಿದನೆಂದರೆ ಅವನ ಫಲ ೬.೦೫. ಎಂದರೆ ಬಲವನ್ನು ಕೊಂಡವನು ವೇಗದಲ್ಲಿ ಬೆಲೆ ಕೊಡುತ್ತಾನೆ. ವೇಗವನ್ನು ಕೊಂಡವನು ಎಲ್ಲ ಗುಂಡುಗಳನ್ನೂ ನಡುಭಾಗಕ್ಕೇ ಹೊಡೆಯುವ ಹೊಣೆಯನ್ನು ಹೊರುತ್ತಾನೆ. ಯಾವುದೂ ಬಿಟ್ಟಿಯಲ್ಲ.

ತೋಟಾ ತುಂಬುವ ಕೆಲಸವು ಹೊರಗೆ ನೋಡುವವನಿಗೆ ಬೇಸರ ತರುವಂಥದು. ತೋಟಾದಲ್ಲಿ ನಾಲ್ಕು ಅಂಗಗಳು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕೇಪು ಬೆಂದುಹೋಗುತ್ತದೆ. ಕೋಶವು ಮಾತ್ರ ಉಳಿಯುತ್ತದೆ. ಅಭ್ಯಾಸಿಯು ಮೈದಾನದಲ್ಲಿ ಬಗ್ಗಿ ಬಗ್ಗಿ ಅವನ್ನು ಆಯ್ದು ತಂದು, ತೊಳೆದು, ಬಿರುಕು ಬಿಟ್ಟುದನ್ನು ಎಸೆಯುತ್ತಾನೆ. ಮದ್ದಿನ ಒತ್ತಡಕ್ಕೆ ಹಿಗ್ಗಿದ ಕೋಶವನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಗಾತ್ರಕ್ಕೆ ತರುತ್ತಾನೆ. ಹಳೆಯ ಕೇಪನ್ನು ತೆಗೆದು ಹೊಸತನ್ನು ಕೂರಿಸಿ, ಬಾಯನ್ನು ತುಸು ಅರಳಿಸಿ, ಮದ್ದನ್ನು ಅಳೆದು ಸುರಿದು, ಗುಂಡನ್ನು ಗೊತ್ತಾದ ಆಳಕ್ಕೆ ಇಳಿಸಿ, ಬಾಯನ್ನು ಮತ್ತೆ ಬಿಗಿಮಾಡುತ್ತಾನೆ. ಯಾವ ಮದ್ದು, ಯಾವ ಗುಂಡಿಗೆ, ಎಷ್ಟು ಎಂಬುದಕ್ಕೆ ಮದ್ದು ಮಾಡುವವರೇ ಪ್ರಕಟಿಸಿದ ಕೋಷ್ಟಕಗಳುಂಟು. ಅವುಗಳಲ್ಲಿ ಹೇಳಿದ ಕನಿಷ್ಠದಿಂದ ಆರಂಭಿಸಿ, ಸ್ವಲ್ಪಸ್ವಲ್ಪವಾಗಿ ಏರಿಸುತ್ತ, ಬೇಕಾದಷ್ಟಾದೊಡನೆ ನಿಲ್ಲಿಸತಕ್ಕದ್ದು. ಅಲ್ಲಿ ಸ್ವಬುದ್ಧಿಗೆ ಅವಕಾಶವಿಲ್ಲ, ಪಾಠವಿದ್ದಂತೆ ಪಠನ.

ಈ ಕೆಲಸದಲ್ಲಿ ಭಯಂಕರವಾದ ತಪ್ಪುಗಳು ಎರಡು. ಪಿಸ್ತೂಲಿನ ಮದ್ದು ಎಷ್ಟು ಸ್ವಲ್ಪವೆಂದರೆ, ಎಷ್ಟೋ ವೇಳೆ ಒಂದೇ ಕೋಶಕ್ಕೆ ಎರಡು ಸಲ ಸುರಿದರೂ ಅದು ತುಂಬಿ ಚೆಲ್ಲುವುದಿಲ್ಲ. ನೋಡದೆ ಗುಂಡನ್ನು ಇಳಿಸಿಬಿಟ್ಟರೆ ಹೊರಗಿನಿಂದ ಆ ತೋಟಾಕ್ಕೂ ಮಿಕ್ಕವಕ್ಕೂ ಭೇದ ಕಾಣುವುದಿಲ್ಲ. ಹೊಡೆದಾಗ ಪಿಸ್ತೂಲು ಕೈಯಲ್ಲಿಯೇ ಸಿಡಿಯಬಹುದು. ಎರಡನೆಯದು ಮದ್ದೇ ಬೀಳದಿರುವುದು. ಆಗ ಕೇಪಿನ ಬಲದಿಂದಲೇ ಗುಂಡು ಮುಂದೆ ಸರಿದು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಶಬ್ದವು ಎಂದಿನಂತಿಲ್ಲವೆಂಬುದನ್ನು ಗಮನಿಸದೆ ಅವಸರದಲ್ಲಿ ಮತ್ತೊಂದನ್ನು ಹೊಡೆದವನ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಆದುದರಿಂದಲೇ ಬಲ್ಲವರು ಪ್ರತಿಯೊಂದು ಕೋಶದೊಳಗೂ ದೀಪದ ಬೆಳಕಿನಲ್ಲಿ ಇಣಿಕಿ ನೋಡಿದ ಹೊರತು ಗುಂಡನ್ನು ಇಳಿಸುವುದಿಲ್ಲ.

ಇಂಥವನ ಕೊಠಡಿಯಲ್ಲಿ ನಡೆಯುವ ಆಚಾರವನ್ನು ಕಂಡರೆ ಹಿಂದಿನ ಕಾಲದ ಮಡಿಯ ಅಡಿಗೆಮನೆಯ ನೆನಪಾಗುತ್ತದೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರತಕ್ಕದ್ದು. ಬೆಂಕಿ, ಬೀಡಿ ಹತ್ತಿರ ಸುಳಿಯಕೂಡದು. ಸೀಸವು ವಿಷವಾದುದರಿಂದ ಅಲ್ಲಿ ಏನನ್ನೂ ತಿನ್ನಕೂಡದು. ಎದ್ದ ಮೇಲೆ ಕೈ ತೊಳೆಯದೆ ಏನನ್ನೂ ಮುಟ್ಟಕೂಡದು. ಹರಟೆ ಸಲ್ಲದು, ಹಾಡು ಸಲ್ಲದು. ತನ್ನ ತೋಟಾವನ್ನು ತನ್ನ ಪಿಸ್ತೂಲಿಗಲ್ಲದೆ ಇತರರಿಗೆ ಕೊಡಕೂಡದು. ಮಡಿಗೆ ಕಾರಣವನ್ನು ಕೇಳುವ ಕಾಲವಿದು. ಇಲ್ಲಿಯ ಮಡಿಗೆ ಕಾರಣವು ಮುಚ್ಚುಮರೆಯಿಲ್ಲದೆ ಎದುರಿಗೇ ಇದೆ: ಮುರಿದವನಿಗೆ ಶಿಕ್ಷೆಯನ್ನು ಪಂಚರು ವಿಧಿಸುವುದಿಲ್ಲ, ಮದ್ದೇ ವಿಧಿಸುತ್ತದೆ. ಭಾರತದಲ್ಲಿ ೧೯೫೯ರ ಆಯುಧಗಳ ಕಾನೂನಿನಂತೆ ಸರ್ಕಾರದ ಅನುಮತಿಪತ್ರವಿಲ್ಲದೆ ಆಯುಧವನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವುದೂ ತಯಾರಿಸುವುದೂ ಅಪರಾಧವಾದುದರಿಂದ, ಇಲ್ಲಿಯವರಿಗೆ ಈ ಪ್ರಸಂಗವು ತಿಳಿವಳಿಕೆಗಷ್ಟೇ ಹೊರತು ಅನುಕರಣಕ್ಕಲ್ಲ.

ಇಷ್ಟೆಲ್ಲ ನಡೆದ ಮೇಲೆ ಪರೀಕ್ಷೆಯ ದಿನ ಬರುತ್ತದೆ. ಸ್ಪರ್ಧೆಯ ಅಧಿಕಾರಿಯು ಪ್ರತಿಯೊಬ್ಬನಿಂದಲೂ ಎಂಟು ತೋಟಾಗಳನ್ನು ತೆಗೆದುಕೊಳ್ಳುತ್ತಾನೆ. ಒಂದರ ಗುಂಡನ್ನು ಕಿತ್ತು ತೂಗುತ್ತಾನೆ. ಮೂರನ್ನು ಅವನದೇ ಪಿಸ್ತೂಲಿನಿಂದ ವೇಗಮಾಪಕದ ಮುಂದೆ ಹೊಡೆಯುತ್ತಾನೆ. ಬಲಾಂಕವು ಹೇಳಿಕೊಂಡಷ್ಟು ಬಾರದಿದ್ದರೆ ಇನ್ನೂ ಮೂರನ್ನು ಹೊಡೆದು, ಆರರಲ್ಲಿ ಮೇಲಾದ ಮೂರರ ಸರಾಸರಿಯನ್ನು ಹಿಡಿಯುತ್ತಾನೆ. ಅದೂ ಸಾಲದಿದ್ದರೆ ಉಳಿದ ಕೊನೆಯ ತೋಟಾವನ್ನು ತೂಗಿಸಬೇಕೋ ಹೊಡೆಯಿಸಬೇಕೋ ಎಂಬುದನ್ನು ಸ್ಪರ್ಧಿಯ ಇಷ್ಟಕ್ಕೇ ಬಿಡುತ್ತಾನೆ. ಇಷ್ಟು ದಾಕ್ಷಿಣ್ಯವಿರುವ ಆ ನಿಯಮದಲ್ಲಿ ಕಡೆಗೆ ಒಂದು ಮಾತಿದೆ: ಬಿಂದುವಿನ ಮುಂದಿನ ಅಂಕಗಳನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ, ೧೨೪.೯೯೯೯ ಎಂಬುದು ೧೨೫ ಅಲ್ಲ. ಮೇಜರೆಂದು ಹೇಳಿಕೊಂಡು ಮುಟ್ಟದವನನ್ನು ಮೈನರಿಗೆ ಇಳಿಸುತ್ತಾರೆ. ೧೨೫ನ್ನೇ ಮುಟ್ಟದವನು ಬೇಕಾದರೆ ಕೊನೆಯವರೆಗೂ ಹೊಡೆಯಬಹುದು, ಆದರೆ ಅವನ ಅಂಕಗಳು ಎಲ್ಲಿಯೂ ಸೇರುವುದಿಲ್ಲ. ಊರೆಲ್ಲ ಪಂಕ್ತಿಯಲ್ಲಿ ಕುಳಿತಿರುವಾಗ ಎಲೆಯಿಲ್ಲದೆ ಕುಳಿತವನ ಸ್ಥಿತಿ ಅವನದು.

ಇಂಥ ದುರ್ಗತಿ ಬರುವುದು ಹೆಚ್ಚಾಗಿ ಲೋಭದಿಂದ. ಹಿನ್ನೊದೆತ ಕಡಮೆಯಾದಷ್ಟೂ ಮುಂದಿನ ಗುಂಡು ಬೇಗವೆಂದು ಅಭ್ಯಾಸಿಯು ಮದ್ದನ್ನು ಇಳಿಸುತ್ತ ಇಳಿಸುತ್ತ ೧೨೫ರ ಅಂಚಿನಲ್ಲಿಯೇ ತಂದು ನಿಲ್ಲಿಸುತ್ತಾನೆ. ಮನೆಯ ಬಳಿ ಬೇಸಿಗೆಯಲ್ಲಿ ೧೨೫.೫ ಬಂದ ತೋಟಾವು ಬೇರೊಂದು ಊರಿನ ಚಳಿಯ ಬೆಳಗಿನಲ್ಲಿ ೧೨೪ ಆಗಬಹುದು, ಏಕೆಂದರೆ ಕೆಲವು ಮದ್ದುಗಳ ವೇಗವು ಶೀತೋಷ್ಣಗಳಿಗೆ ತಕ್ಕಂತೆ ಬದಲಾಗುತ್ತದೆ. ಒಂದು ವೇಗಮಾಪಕಕ್ಕೂ ಇನ್ನೊಂದಕ್ಕೂ ಅಲ್ಪ ವ್ಯತ್ಯಾಸವಿರುವುದೂ ಉಂಟು. ವಿವೇಕಿಯು ಅಂಚಿನಿಂದ ನಾಲ್ಕೈದು ಅಂಕ ಒಳಗೇ ನಿಲ್ಲುತ್ತಾನೆ. ಆ ನಾಲ್ಕೈದು ಅಂಕಗಳ ಒದೆತವು ಅವನು ನೆಮ್ಮದಿಗೆ ಕೊಡುವ ಕಂದಾಯ.

ಮನುಷ್ಯನನ್ನು ಕೊಲ್ಲುವುದಕ್ಕೆಂದು ಹುಟ್ಟಿದ ಆಯುಧವನ್ನು ಆಟದ ವಸ್ತುವಾಗಿ ಮಾಡುವುದು ಸರಿಯೇ ಎಂಬ ಶಂಕೆಯು ಸಹಜವಾದುದು. ಅದನ್ನು ನಕ್ಕು ತಳ್ಳಿಹಾಕಕೂಡದು. ಪಂದ್ಯದೊಳಗೇ ಈ ವಿಷಯದಲ್ಲಿ ಎಳೆದಾಟ ನಡೆದಿದೆ. ಆತ್ಮರಕ್ಷಣೆಯ ಅಭ್ಯಾಸವೆಂದು ತಾನು ಹುಟ್ಟಿಸಿದ ವಿದ್ಯೆಯು ಬರಿಯ ಓಟದ ಸ್ಪರ್ಧೆಯಾಗಿ, ಒರೆಯಲ್ಲಿಟ್ಟು ತಿರುಗಲು ಒಲ್ಲದ ವಿಚಿತ್ರ ಪಿಸ್ತೂಲುಗಳ ಮೇಳವಾಯಿತೆಂದು ಕೂಪರನು ಅಸಮಾಧಾನಪಟ್ಟನು. ೧೯೯೦ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದ ಜಾಗತಿಕ ಸ್ಪರ್ಧೆಯನ್ನು ಡಗ್ ಕೋನಿಗ್ ಎಂಬವನು ಗಾಜಿನಲ್ಲಿ ಬೆಳಕಿನ ಚುಕ್ಕಿಯನ್ನು ತೋರುವ ಗುರಿನೋಟದಿಂದ ಗೆದ್ದನು. ಇತ್ತ ಗುರಿಯ ಹಲಗೆಗೆ ತಲೆಭುಜಗಳಿದ್ದ ಮನುಷ್ಯನ ಆಕಾರವೇಕೆಂದು ಕೇಳಿದವರ ಮಾತಿಗೆ ಬೆಲೆ ಬಂದು, ತಲೆಯಿಲ್ಲದ ಎಂಟು ಮೂಲೆಯ ರಟ್ಟು ಬಳಕೆಗೆ ಬಂದಿತು. ಹೊಡೆಯಬಾರದ ಗುರಿಗಳನ್ನೂ ನಡುನಡುವೆ ನಿಲ್ಲಿಸಿ, ಅವಕ್ಕೆ ತಗುಲಿದ ಗುಂಡಿಗೆ ಹತ್ತು ಅಂಕಗಳನ್ನು ಕಳೆಯುತ್ತಾರೆ. ಪಿಸ್ತೂಲನ್ನು ಹಿಂದಿರುವ ಜನರ ಕಡೆಗೆ ತಿರುಗಿಸಿದವನನ್ನೂ, ಕೈಯಿಂದ ಬೀಳಿಸಿದವನನ್ನೂ, ಅವನು ಎಷ್ಟೇ ದೊಡ್ಡವನಾಗಿರಲಿ, ಆ ಕ್ಷಣವೇ ಸ್ಪರ್ಧೆಯಿಂದ ಹೊರಗೆ ಕಳುಹಿಸುತ್ತಾರೆ. ಆಟವು ಆಯುಧದ ಕ್ರೌರ್ಯವನ್ನು ತೊಳೆಯಿತೆಂದು ಹೇಳುವುದು ಅತಿಯಾದ ಮಾತು. ಅದನ್ನು ಹಿಡಿದವನಿಗೆ ಕಡಿವಾಣ ಹಾಕಿತೆಂದರೆ ತಪ್ಪಲ್ಲ. ಕನ್ನಡನಾಡಿನಲ್ಲಿಯೂ ಇದು ಅಪರಿಚಿತವಲ್ಲ. ಕೊಡಗಿನವರು ಕೈಲ್ಪೋದಿನ ಹಬ್ಬದಲ್ಲಿ ಕೋವಿಯನ್ನು ಹೂವಿನಿಂದ ಪೂಜಿಸಿ, ಬಳಿಕ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಮೊದಲು ಪೂಜೆ, ಆಮೇಲೆ ಗುರಿ.

ಕಡೆಗೆ ಆ ಗೃಹಸ್ಥನ ಕೊಠಡಿಗೇ ಹಿಂದಿರುಗಬೇಕು. ರಾತ್ರಿಯ ಊಟವಾಗಿದೆ. ಮೇಜಿನ ಮೇಲೆ ಐವತ್ತು ಕೋಶಗಳು ಸಾಲಾಗಿ ನಿಂತಿವೆ. ಅರ್ಧಕ್ಕೆ ಮದ್ದು ಬಿದ್ದಿದೆ. ಆಗ ಬಾಗಿಲಲ್ಲಿ ಮಗು ಬಂದು ಏನನ್ನೋ ಕೇಳುತ್ತದೆ. ಅವನು ತಿರುಗಿ ಉತ್ತರ ಹೇಳುತ್ತಾನೆ. ಮತ್ತೆ ಇತ್ತ ನೋಡಿದಾಗ ಮದ್ದು ಸುರಿದುದು ಇಪ್ಪತ್ತಾರನೆಯದಕ್ಕೋ ಇಪ್ಪತ್ತೇಳನೆಯದಕ್ಕೋ ಎಂಬುದು ಅವನಿಗೆ ಮರೆತಿದೆ. ದೀಪವನ್ನು ಹಿಡಿದು ನೋಡಿದರೆ ತಿಳಿದೀತು. ಬಹುಶಃ ಎಲ್ಲವೂ ಸರಿಯಾಗಿಯೇ ಇದೆ. ಆದರೂ ಅವನು ನಿಟ್ಟುಸಿರಿಟ್ಟು, ಒಂದೊಂದಾಗಿ ಎಲ್ಲ ಕೋಶಗಳ ಮದ್ದನ್ನೂ ಡಬ್ಬಿಗೆ ಮರಳಿ ಸುರಿದು, ತ್ರಾಸನ್ನು ಸೊನ್ನೆಗೆ ತಂದು, ಮೊದಲಿನಿಂದ ಆರಂಭಿಸುತ್ತಾನೆ. ಅದನ್ನು ಕಂಡವರು ಯಾರೂ ಇಲ್ಲ. ಯಾವ ಯಂತ್ರವೂ ಅದನ್ನು ಎಣಿಸುವುದಿಲ್ಲ. ಬರುವ ಭಾನುವಾರ ಅವನು ಗೆಲ್ಲುವನೋ ಸೋಲುವನೋ ಹೇಳಬರುವಂತಿಲ್ಲ. ಆದರೆ ಆ ಸಂಸ್ಥೆಯ ಮೂರು ಶಬ್ದಗಳಲ್ಲಿ ಮೊದಲನೆಯದಕ್ಕೆ ಅರ್ಥವೇನೆಂದು ಯಾರಾದರೂ ಕೇಳಿದರೆ, ಕೋಶವನ್ನು ತೆರೆಯದೆ ಆ ಕೊಠಡಿಯನ್ನು ತೋರಿಸಿದರೆ ಸಾಕು.